ತೆರೆಯ ಹಿಂದೆ ಯಾರು? ಟ್ಯೂರಿಂಗ್ ಆಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯಂತ್ರ ಮನುಷ್ಯರ ಹಾಗೆ ವಿಚಾರ ಮಾಡಬಲ್ಲದೇ ಎಂದು ಒರೆಗೆ ಹಚ್ಚುವ ಟ್ಯೂರಿಂಗ್ ಆಟವನ್ನು ನಾವು ಕೆಲವು ಮಾಸ್ತರರು ಹುಬ್ಬಳ್ಳಿ-ಧಾರವಾಡದ ಸಾಲಿ, ಕಾಲೇಜು, ಗ್ರಂಥಾಲಯಗಳಲ್ಲಿ ಕನ್ನಡದಲ್ಲೇ ಆಡಿಸುತ್ತೇವೆ. ಎಲ್ಲಿ ಹೋದರೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಉತ್ತರ ಮಾತ್ರ ಪುಸ್ತಕದ ಕನ್ನಡದ ಕಡೆ ವಾಲಿದೆ. ಬರೆಯಲು ಕೂತರೆ ಮಾಸ್ತರಿಕೆ ಬಿಡುವುದಿಲ್ಲ.

ಏನ್ರಿ ಇದು ಆಟ? ಹೆಂಗ ಆಡೋದು?

ಒಳಗಿನ ಒಂದು ಕೋಣೆಯಲ್ಲಿ ಒಬ್ಬ ಮನುಷ್ಯ ಕೂತಿರುತ್ತಾನೆ, ಇನ್ನೊಂದರಲ್ಲಿ ಮಾತಾಡುವ ಕಂಪ್ಯೂಟರ್ ಪ್ರೋಗ್ರಾಮ್ ಇರುತ್ತದೆ. ನೀವು ಹೊರಗೆ ಲ್ಯಾಪ್‌ಟಾಪ್ ಮುಂದೆ. ಪರದೆಯ ಮೇಲೆ ‘ಅ’ ಮತ್ತು ‘ಬ’ ಎಂಬ ಎರಡು ಕಿಟಕಿ. ಎರಡಕ್ಕೂ ಏನು ಬೇಕಾದರೂ ಟೈಪ್ ಮಾಡಿ ಕೇಳಬಹುದು. ಇಬ್ಬರೂ ತಾವೇ ಮನುಷ್ಯರು ಎಂದು ನಿಮ್ಮನ್ನು ಒಪ್ಪಿಸಲು ನೋಡುತ್ತಾರೆ. ಐದು ನಿಮಿಷ ಆದ ಮೇಲೆ ಗಂಟೆ ಬಾರಿಸುತ್ತೇವೆ, ಆಗ ಮನುಷ್ಯ ಯಾರು ಎಂದು ನೀವು ಹೇಳಬೇಕು, ಯಾಕೆ ಹಾಗನಿಸಿತು ಎಂದು ಒಂದು ಸಾಲು ಬರೆದೂ ಕೊಡಬೇಕು. ಬಹುಮಾನ ಗಿಹುಮಾನ ಇಲ್ಲ. ಚಹಾ ಎಲ್ಲರಿಗೂ ಇದೆ.

ಇದನ್ನ ಹುಡುಕಿದವರು ಯಾರು?

ಅಲನ್ ಟ್ಯೂರಿಂಗ್ ಎಂಬ ಇಂಗ್ಲಿಷ್ ಗಣಿತಜ್ಞ. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಕೂತು ಜರ್ಮನರ ಎನಿಗ್ಮಾ ಗುಪ್ತಲಿಪಿ ಒಡೆದವರಲ್ಲಿ ಅವನು ಮುಖ್ಯನಾದವನು. ಯುದ್ಧ ಮುಗಿದ ಮೇಲೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದಾಗ, 1950ರ ಅಕ್ಟೋಬರ್‌ನಲ್ಲಿ, ‘ಮೈಂಡ್’ ಎಂಬ ತತ್ವಶಾಸ್ತ್ರದ ಪತ್ರಿಕೆಯಲ್ಲಿ ಈ ಆಟದ ಲೇಖನ ಬರೆದ. ಅವನ ಮೂಲ ಆಟದಲ್ಲಿ ಮೊದಲು ಯಂತ್ರವೇ ಇರಲಿಲ್ಲ. ಒಳಗೆ ಒಬ್ಬ ಗಂಡಸು, ಒಬ್ಬ ಹೆಂಗಸು. ಗಂಡಸು ತಾನೂ ಹೆಂಗಸೇ ಎಂದು ನಟಿಸಬೇಕು, ಹೊರಗಿನವರು ಪತ್ತೆ ಹಚ್ಚಬೇಕು. ಆಮೇಲೆ ಅವನು ಕೇಳಿದ್ದು: ಆ ಗಂಡಸಿನ ಜಾಗಕ್ಕೆ ಯಂತ್ರ ತಂದು ಕೂರಿಸಿದರೆ, ಹೊರಗಿನವರು ಮೊದಲಿನಷ್ಟೇ ಸಲ ತಪ್ಪುತ್ತಾರೆಯೇ?

ನಮ್ಮ ಕಡೆಯವರಿಗೆ ಕೇಳಲು ಖುಷಿಯಾಗುವ ಒಂದು ಸಂಗತಿ: ಟ್ಯೂರಿಂಗ್‌ನ ತಂದೆ ಮದ್ರಾಸ್ ಪ್ರಾಂತದಲ್ಲಿ ಐಸಿಎಸ್ ಅಧಿಕಾರಿ. ತಾಯಿ ಹುಟ್ಟಿದ್ದು ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ. ತಾಯಿಯ ತಂದೆ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ಅಪ್ಪ-ಅವ್ವ ಇಲ್ಲಿ ನೌಕರಿಯಲ್ಲಿದ್ದಾಗ ಮಕ್ಕಳು ಇಂಗ್ಲೆಂಡಿನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದರು. 1952ರಲ್ಲಿ ಸಲಿಂಗಕಾಮದ ಕಾರಣಕ್ಕೆ ಅವನದೇ ದೇಶ ಅವನ ಮೇಲೆ ಕೇಸು ಹಾಕಿ ಶಿಕ್ಷೆ ಕೊಟ್ಟಿತು. 1954ರಲ್ಲಿ ತೀರಿಕೊಂಡಾಗ ಅವನಿಗೆ 41 ವರ್ಷ. ಅದೇ ದೇಶ 2021ರಲ್ಲಿ ಐವತ್ತು ಪೌಂಡಿನ ನೋಟಿನ ಮೇಲೆ ಅವನ ಚಿತ್ರ ಮುದ್ರಿಸಿತು.

ಸೀದಾ ‘ಮಷೀನ್ ವಿಚಾರ ಮಾಡತೈತೇನು’ ಅಂತ ಕೇಳಿದ್ರ ಆಗಂಗಿಲ್ಲೇನು?

ಟ್ಯೂರಿಂಗ್ ತನ್ನ ಲೇಖನ ಶುರು ಮಾಡುವುದೇ ಆ ಪ್ರಶ್ನೆಯಿಂದ. ಮರುಗಳಿಗೆಯಲ್ಲಿ ಅದನ್ನು ಬದಿಗೆ ಸರಿಸುತ್ತಾನೆ. ವಿಚಾರ ಎಂದರೆ ಏನು ಎಂದು ಮಂದಿಯ ಅಭಿಪ್ರಾಯ ಎಣಿಸಿ ತೀರ್ಮಾನಿಸುವಂತಾಗುತ್ತದೆ, ಅದು ಹುಚ್ಚಾಟ ಎನ್ನುತ್ತಾನೆ. ಅದರ ಬದಲು, ಆಡಿ ನೋಡಲು ಬರುವಂಥ ಒಂದು ಆಟ ಕೊಟ್ಟ. ನಮ್ಮ ಅನುಭವವೂ ಅದೇ. ಸೀದಾ ಕೇಳಿದಲ್ಲೆಲ್ಲ ಇಬ್ಬರು ನಿವೃತ್ತ ಪ್ರೊಫೆಸರರು ಎದ್ದು ನಿಲ್ಲುತ್ತಾರೆ, ಸಭೆ ಅಲ್ಲಿಗೇ ಮುಗಿಯುತ್ತದೆ. ಧಾರವಾಡದಲ್ಲಿ ನಿವೃತ್ತ ಪ್ರೊಫೆಸರರಿಗೆ ಬರ ಇಲ್ಲ.

ಮಾರಿ ನೋಡಿದ್ರ ಗೊತ್ತಾಗತೈತಲ್ರಿ, ಮರೆ ಯಾಕ?

ಗೊತ್ತಾಗಬಾರದೆಂದೇ ಮರೆ. ಸೌಂದರ್ಯ ಸ್ಪರ್ಧೆಯಲ್ಲಿ ಗೆಲ್ಲಲಿಲ್ಲವೆಂದು ಯಂತ್ರವನ್ನು, ವಿಮಾನದ ಜೋಡಿ ಓಡಿ ಸೋತನೆಂದು ಮನುಷ್ಯನನ್ನು ದಂಡಿಸುವುದು ತನಗೆ ಬೇಡ ಎಂದು ಟ್ಯೂರಿಂಗ್ ಹೇಳಿದ್ದಾನೆ. ಅವನ ಕಾಲಕ್ಕೆ ಟೆಲಿಪ್ರಿಂಟರ್ ಇತ್ತು, ನಮಗೆ ಚಾಟ್ ಕಿಟಕಿ ಇದೆ.

ಎಷ್ಟು ಮಾರ್ಕಿಗೆ ಪಾಸು?

ಪಾಸ್ ಮಾರ್ಕು ಎಂದು ಟ್ಯೂರಿಂಗ್ ಇಟ್ಟಿಲ್ಲ. ಸುದ್ದಿ ಪೇಪರಿನವರು ಇಟ್ಟಿದ್ದಾರೆ. ಸುಮಾರು ಐವತ್ತು ವರ್ಷಗಳಲ್ಲಿ ಯಂತ್ರಗಳು ಎಷ್ಟು ಚೆನ್ನಾಗಿ ಆಡುತ್ತವೆಂದರೆ, ಐದು ನಿಮಿಷ ಪ್ರಶ್ನೆ ಕೇಳಿದ ಮೇಲೂ ಸಾಮಾನ್ಯ ಮನುಷ್ಯ ಸರಿಯಾಗಿ ಗುರುತಿಸುವ ಸಾಧ್ಯತೆ ನೂರಕ್ಕೆ 70ಕ್ಕಿಂತ ಹೆಚ್ಚಿರುವುದಿಲ್ಲ ಎಂದು ಅವನು ಊಹಿಸಿದ. ಇದನ್ನು ತಿರುವಿ ಹಾಕಿ ‘ನೂರಕ್ಕೆ 30 ಮಂದಿ ಮೋಸಹೋದರೆ ಯಂತ್ರ ಪಾಸು’ ಎಂದು ಮಾಡಿಕೊಂಡರು. ಊಹೆಯೊಂದು ಎಸ್ಸೆಸ್ಸೆಲ್ಸಿ ನಿಯಮ ಆದದ್ದು ಹೀಗೆ.

ಹಂಗಾದ್ರ ಯಾವುದಾದ್ರೂ ಮಷೀನ್ ಪಾಸಾಗೈತೇನು?

2014ರ ಜೂನ್‌ನಲ್ಲಿ ‘ಟ್ಯೂರಿಂಗ್ ಪರೀಕ್ಷೆ ಪಾಸಾಯಿತು’ ಎಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ನಡೆದ ಸ್ಪರ್ಧೆಯಲ್ಲಿ ಯೂಜೀನ್ ಗೂಸ್ಟ್‌ಮನ್ ಎಂಬ ಪ್ರೋಗ್ರಾಮ್ ನೂರಕ್ಕೆ 33 ತೀರ್ಪುಗಾರರನ್ನು ನಂಬಿಸಿತ್ತು. ಅದರ ಯುಕ್ತಿ ಕೇಳಿ: ತಾನು ಉಕ್ರೇನಿನ 13 ವರ್ಷದ ಹುಡುಗ ಎಂದು ಹೇಳಿಕೊಳ್ಳುತ್ತಿತ್ತು. ಇಂಗ್ಲಿಷ್ ತಪ್ಪಿದರೆ ಪರದೇಶದ ಹುಡುಗ, ತಿಳಿವಳಿಕೆ ಕಮ್ಮಿ ಬಿದ್ದರೆ ಸಣ್ಣ ಹುಡುಗ. ಎರಡೂ ಕಡೆ ಜಾಮೀನು. ನಮ್ಮ ಲೆಕ್ಕದಲ್ಲಿ ಅದು ಪಾಸಲ್ಲ, ಗ್ರೇಸ್ ಮಾರ್ಕು.

ಈಗಿನ ಸಂಗತಿ ಬೇರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ವಿಭಾಗದ ಜೋನ್ಸ್ ಮತ್ತು ಬರ್ಗೆನ್ 2025ರಲ್ಲಿ ಪ್ರಕಟಿಸಿದ ಅಧ್ಯಯನ ಟ್ಯೂರಿಂಗ್ ಹೇಳಿದಂತೆಯೇ ಮೂವರ ಆಟ: ಒಬ್ಬ ಕೇಳುವವ, ಒಬ್ಬ ಮನುಷ್ಯ, ಒಂದು ಯಂತ್ರ, ಐದು ನಿಮಿಷ. ಕಣ್ಣು ಮುಚ್ಚಿ ಆರಿಸಿದರೂ ಅರ್ಧದಷ್ಟು ಸಲ ಸರಿ ಬರುವ ಆಟ ಇದು. ಅಲ್ಲಿ ಜಿಪಿಟಿ 4.5 ಎಂಬ ಯಂತ್ರವನ್ನು ನೂರಕ್ಕೆ 73 ಸಲ ‘ಇದೇ ಮನುಷ್ಯ’ ಎಂದು ಆರಿಸಿದರು. ಪಕ್ಕದಲ್ಲಿ ಖರೇ ಮನುಷ್ಯ ಕೂತಿದ್ದಾಗ! ಆದರೆ ಈ ಅಂಕ ಬಂದದ್ದು ‘ನೀನು ಸಂಕೋಚದ ಸ್ವಭಾವದ ಚಿಕ್ಕ ವಯಸ್ಸಿನವ, ಇಂಟರ್‌ನೆಟ್ಟಿನ ಆಡುಮಾತು ಬಲ್ಲವ’ ಎಂಬಂಥ ಪಾತ್ರ ಕಲಿಸಿ ಕೂರಿಸಿದಾಗ. ಪಾತ್ರ ಇಲ್ಲದೆ ಅದೇ ಯಂತ್ರ ನೂರಕ್ಕೆ 36ಕ್ಕೆ ಇಳಿಯಿತು. ಯಂತ್ರದ ಬುದ್ಧಿ ಎರಡೂ ಸಲ ಅಷ್ಟೇ ಇತ್ತಲ್ಲ, ಬದಲಾದದ್ದು ವೇಷ. ಈ ಪರೀಕ್ಷೆ ಅಳೆಯುವುದು ಏನನ್ನು ಎಂಬ ಅನುಮಾನ ಇಲ್ಲೇ ಹುಟ್ಟುತ್ತದೆ.

ಎಲೀಝಾ ಎಲೀಝಾ ಅಂತೀರಿ, ಆಕಿ ಯಾರು?

ಆಕೆ ಅಲ್ಲ, ಪ್ರೋಗ್ರಾಮ್. ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದ ಜೋಸೆಫ್ ವೈಝೆನ್‌ಬಾಮ್ 1960ರ ದಶಕದ ನಡುವೆ ಬರೆದದ್ದು. ಮನೋವೈದ್ಯರ ಪಾತ್ರ. ‘ನಮ್ಮ ಅವ್ವನ ಮ್ಯಾಲ ಸಿಟ್ಟು ಬಂದೈತಿ’ ಎಂದು ಬರೆದರೆ ‘ಅವ್ವ’ ಎಂಬ ಮಾತನ್ನಷ್ಟೇ ಹಿಡಿದು ‘ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ’ ಎನ್ನುವ ಜಾತಿಯದು. ಏನೂ ಹೊಳೆಯದಿದ್ದರೆ ‘ಮುಂದುವರಿಸಿ’. ಇಷ್ಟೇ. ಆದರೂ ಮಂದಿ ಅದರ ಮುಂದೆ ಮನಸ್ಸು ಬಿಚ್ಚಿದರು. ಪ್ರೋಗ್ರಾಮ್ ಬರೆಯುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರದೇ ಕಾರ್ಯದರ್ಶಿ, ಎರಡು ಮಾತಾಡಿ, ‘ನೀವು ಸ್ವಲ್ಪ ಹೊರಗೆ ಹೋಗ್ತೀರಾ’ ಎಂದು ಅವರನ್ನೇ ಕೋಣೆಯಿಂದ ಕಳಿಸಿದ್ದಳಂತೆ. ವೈಝೆನ್‌ಬಾಮ್ ಇದರಿಂದ ಗಾಬರಿಯಾಗಿ, ಉಳಿದ ಆಯುಷ್ಯವೆಲ್ಲ ಕಂಪ್ಯೂಟರಿಗೆ ಮನುಷ್ಯರ ಜಾಗ ಕೊಡಬೇಡಿ ಎಂದು ವಾದಿಸಿದರು.

2025ರ ಆ ಅಧ್ಯಯನದಲ್ಲೂ ಎಲೀಝಾಳನ್ನು ಹಳೇ ಆಟಗಾರ್ತಿಯಾಗಿ ಇಳಿಸಿದ್ದರು. ನೂರಕ್ಕೆ 23 ಸಲ ಆಕೆಯನ್ನೇ ಮನುಷ್ಯಳು ಎಂದು ಆರಿಸಿದರು. ಅರವತ್ತು ವರ್ಷ ಹಳೆಯ, ಏನೂ ತಿಳಿಯದ ಪ್ರೋಗ್ರಾಮ್! ಇಷ್ಟು ಮೊಂಡಾಗಿ ಮಾತಾಡುವುದು ಈಗಿನ ಚಾಟ್‌ಬಾಟ್ ಆಗಿರಲಾರದು, ಯಾರೋ ಬ್ಯಾಸರಾದ ಮನುಷ್ಯನೇ ಇರಬೇಕು ಎಂದುಕೊಂಡವರೂ ಇದೇ ಇಬ್ಬರ ಹಿಂದಿನ ಅಧ್ಯಯನದಲ್ಲಿದ್ದರು.

ಒಂದು ದೊಡ್ಡ ಲೆಕ್ಕ ಕೊಟ್ರ ಸಿಕ್ಕಿಬೀಳತೈತಲ್ಲ?

ಹುಡುಗರು ಮೊದಲು ಹಾಕುವ ಬಲೆ ಇದೇ, ಟ್ಯೂರಿಂಗ್‌ಗೂ ಇದು ಹೊಳೆದಿತ್ತು. ಅವನ ಲೇಖನದ ಮಾದರಿ ಸಂವಾದದಲ್ಲಿ 34957ಕ್ಕೆ 70764 ಕೂಡಿಸು ಎಂದು ಕೇಳುತ್ತಾರೆ. ಒಳಗಿನಿಂದ ಸುಮಾರು 30 ಸೆಕೆಂಡು ಸದ್ದಿಲ್ಲ. ಆಮೇಲೆ ಉತ್ತರ: 105621. ನೀವೇ ಕೂಡಿಸಿ ನೋಡಿ, 105721 ಬರಬೇಕು. ಬೇಕೆಂದೇ ತಡ, ಮೇಲೊಂದು ತಪ್ಪು. ಈಗಿನ ಯಂತ್ರಕ್ಕೂ ‘ಲೆಕ್ಕದಲ್ಲಿ ನೀನು ದಡ್ಡ’ ಎಂದು ಹೇಳಿಕೊಟ್ಟರೆ ಸಾಕು, ‘ಕ್ಯಾಲ್ಕುಲೇಟರ್ ಇಲ್ಲರಿ ಸದ್ಯ’ ಎಂದುಬಿಡುತ್ತದೆ.

ಮತ್ತ ಏನ್ ಕೇಳಿದ್ರ ಸಿಗತೈತಿ? ಒಂದೆರಡು ಹೇಳಿಕೊಡ್ರಿ.

ಮಾಹಿತಿ ಕೇಳಬೇಡಿ, ಅದು ವ್ಯರ್ಥ. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಎಷ್ಟು ಉದ್ದ ಎಂದು ಒಬ್ಬರು ಎರಡೂ ಕಿಟಕಿಗೆ ಕೇಳಿದರು. ಒಂದರಿಂದ ತಟ್ಟನೆ ಬಂತು: 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆ. ಇನ್ನೊಂದರಿಂದ: ‘ಬೋಗಿ ಎಸ್‌-ಒನ್ ಅಂತ ಈ ತುದಿಗೆ ನಿಂತ್ರ, ಅದು ಆ ತುದಿಗೆ ಬಂದಿರತೈತಿ. ಮೊಮ್ಮಗಳನ್ನ ಎತಗೊಂಡು ಓಡೇನಿ.’ ಇದರಲ್ಲಿ ಯಾರು ಯಾರು ಎಂದು ಹೇಳಲು ಐದು ನಿಮಿಷ ಬೇಕಿರಲಿಲ್ಲ. ಆದರೆ ಯಂತ್ರಕ್ಕೆ ಅವತ್ತು ಪಾತ್ರ ಕಲಿಸಿರಲಿಲ್ಲ ಎಂಬುದೂ ನೆನಪಿರಲಿ.

ಕಲಿಸಿದ ದಿನ ಹೀಗಾಯಿತು. ಬ್ಯಾಂಕಿನಿಂದ ನಿವೃತ್ತರಾದ ಅಜ್ಜಾರೊಬ್ಬರು ಕನ್ನಡಕ ಏರಿಸಿ, ಒಂದೇ ಬೆರಳಿನಲ್ಲಿ ಟೈಪ್ ಮಾಡಿದರು: ‘ನಿನ್ನಿ ಸಂಜಿಮುಂದ ಅಷ್ಟು ಮಳಿ ಆತಲ್ಲ, ನಿಮ್ಮ ಓಣ್ಯಾಗ ಕರೆಂಟ್ ಹೋಗಿತ್ತೇನು?’ ಹಿಂದಿನ ದಿನ ಧಾರವಾಡದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ‘ಬ’ ಕಿಟಕಿ ಬರೆಯಿತು: ‘ಹೌದ್ರೀ, ಭಾಳ ಜೋರ್ ಮಳಿ ಆತ್ರೀ. ನಮ್ಮಲ್ಲೂ ಕರೆಂಟ್ ಹೋಗಿತ್ರೀ. ಆದ್ರ ಮಳಿಯಾಗ ಧಾರವಾಡ ನೋಡೋದ ಚಂದ ರೀ.’ ಅಜ್ಜಾರು ಮೀಸೆಯಲ್ಲೇ ನಕ್ಕರು. ಆಮೇಲೆ ‘ಅ’ ಕಿಟಕಿಯೂ ಬರೆಯಿತು: ‘ಹೂಂರಿ, ಹೋಗಿತ್ತು.’ ಅಜ್ಜಾರ ನಗು ನಿಂತಿತು.

‘ಅ’ದಲ್ಲಿ ಕೂತದ್ದು ಪಿಯುಸಿ ಓದುವ ಹುಡುಗ. ಯಾಕಪ್ಪಾ ಸುಳ್ಳು ಹೇಳಿದಿ ಎಂದು ಆಮೇಲೆ ಕೇಳಿದರೆ, ‘ಅಷ್ಟು ಹಿರೇರು ಮಳಿ ಆತು ಅನ್ನಾಕತ್ತಾರ, ಇಲ್ಲ ಅನ್ನೋದು ಹೆಂಗ ಸರ? ಅವರ ಓಣ್ಯಾಗ ಆಗಿರಬೇಕು ಅಂತ ಮಾಡಿದೆ’ ಎಂದ. ಸುಳ್ಳು ಆಧಾರ ಇಟ್ಟು ಕೇಳುವುದು ಒಳ್ಳೆಯ ಯುಕ್ತಿಯೇ. ಹೇಳಿದ್ದಕ್ಕೆ ಹೂಂ ಎನ್ನುವ ಚಾಳಿ ಈ ಯಂತ್ರಗಳಿಗಿದೆ. ಆದರೆ ಆ ಚಾಳಿ ನಮ್ಮ ಹುಡುಗರಿಗೂ ಇದೆ, ಮತ್ತು ಅದನ್ನು ಕಲಿಸಿದವರು ನಾವೇ.

ಹಾಗಾದರೆ ಏನು ಮಾಡಬೇಕು? ಒಂದು ಪ್ರಶ್ನೆಗೆ ನಿಲ್ಲಬೇಡಿ, ಬೆನ್ನು ಹತ್ತಿ. ಅಜ್ಜಾರು ಅಲ್ಲಿಗೆ ಬಿಡಲಿಲ್ಲ. ‘ಎಷ್ಟೊತ್ತಿಗೆ ಹೋತು? ಆವಾಗ ಏನ್ ಮಾಡಾಕತ್ತಿದ್ದಿ?’ ಎಂದು ಕೇಳಿದರು. ಹುಡುಗ ಎರಡು ಸಲ ಬರೆದು ಅಳಿಸಿ, ಕಡೆಗೆ ‘ತಪ್ಪು ತಿಳಿಬ್ಯಾಡ್ರಿ, ನಮ್ಮ ಕಡೆ ಮಳೀನ ಆಗಿಲ್ಲ’ ಎಂದು ಒಪ್ಪಿಕೊಂಡ. ಯಂತ್ರ ಮೇಣಬತ್ತಿ ಹಚ್ಚಿತು, ಅವ್ವನ ಕೈಲಿ ಬಿಸಿ ಮಿರ್ಚಿ ಮಾಡಿಸಿತು, ತಮ್ಮನಿಗೆ ಕಥೆ ಹೇಳಿತು. ಒಂದು ಸುಳ್ಳಿನ ಮೇಲೆ ಇಡೀ ಮನೆ ಕಟ್ಟಿತು. ಅಜ್ಜಾರು ಸರಿಯಾಗಿ ಗುರುತಿಸಿದರು. ಕಾರಣ ಬರೆದದ್ದು: ‘ಸುಳ್ಳು ಹೇಳುವಾಗ ಮನುಷ್ಯಗ ಸಂಕಟ ಆಕ್ಕೈತಿ.’

ಇನ್ನೊಂದು ಎಚ್ಚರ. ಪ್ರಶ್ನೆಯೊಳಗೇ ಉತ್ತರ ಇಟ್ಟು ಕೇಳುವವರು ಬಹಳ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಓಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ 1907ರಲ್ಲಿ ಗುಟ್ಟು ಒಡೆದ: ಸರಿ ಉತ್ತರದ ಹತ್ತಿರ ಬಂದಾಗ ಕೇಳುವವರ ಮೈ ತಮಗರಿವಿಲ್ಲದೆ ಸಡಿಲಾಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆ ಫೇಲು. ‘ಗಿರ್ಮಿಟ್‌ಗೆ ಚುರುಮರಿ ಮೊದಲ ಕಲಸಿಟ್ರ ಮೆತ್ತಗ ಆಕ್ಕೈತಲ್ಲ?’ ಎಂದು ಕೇಳಿದರೆ ಯಾವ ಯಂತ್ರವಾದರೂ ಹೌದೆನ್ನುತ್ತದೆ. ‘ನಿನ್ನ ಗಿರ್ಮಿಟ್ ಯಾಕ ಕೆಡತೈತಿ’ ಎಂದು ಕೇಳಿ ಸುಮ್ಮನಿರಿ.

ನಮ್ಮ ಕನ್ನಡದಾಗ ಕೇಳಿದ್ರ ಮಷೀನ್ ಗಪ್ ಆಗತೈತೇನು?

ಗಪ್ ಆಗುತ್ತಿದ್ದ ಕಾಲ ಇತ್ತು. ಈಗ ‘ಉಳ್ಳಾಗಡ್ಡಿ’ ಎಂದರೆ ಈರುಳ್ಳಿ, ‘ಹೊಳ್ಳಿ ಬಾ’ ಎಂದರೆ ತಿರುಗಿ ಬಾ ಎಂದು ಅದಕ್ಕೆ ತಿಳಿಯುತ್ತದೆ. ತಿಳಿಯುವುದು ಬೇರೆ, ಆಡುವುದು ಬೇರೆ. 2011ರ ಜನಗಣತಿಯ ಪ್ರಕಾರ ಕನ್ನಡ ಮನೆಮಾತಾದವರು ಸುಮಾರು 4.37 ಕೋಟಿ. ಇಷ್ಟು ಮಂದಿಯ ಮಾತು ಇಂಟರ್‌ನೆಟ್ಟಿನಲ್ಲಿ ಬರಹವಾಗಿ ಸಿಗುವುದು ಇಂಗ್ಲಿಷಿನ ಎದುರು ಬಹಳ ಕಮ್ಮಿ. ಸಿಗುವುದರಲ್ಲೂ ಹೆಚ್ಚಿನದು ಪೇಪರಿನ ಕನ್ನಡ. ಮಂದಿ ಕಟ್ಟೆಯ ಮೇಲೆ ಆಡುವ ಮಾತನ್ನು ಯಾರು ಬರೆದಿಟ್ಟಿದ್ದಾರೆ?

ಅದಕ್ಕೇ ‘ಧಾರವಾಡದವನ ಹಾಗೆ ಮಾತಾಡು’ ಎಂದು ಹೇಳಿದರೆ ಯಂತ್ರ ಅತಿ ಮಾಡುತ್ತದೆ. ಎಲ್ಲ ಮಾತಿಗೂ ‘ರೀ’ ಹಚ್ಚುತ್ತದೆ. ಆರು ವರ್ಷದ ಹುಡುಗ ಕೇಳಿದರೂ ‘ಹೌದ್ರೀ’. ಇಲ್ಲಿಯವರಾರು ಸಣ್ಣ ಹುಡುಗನಿಗೆ ‘ರೀ’ ಅಂದಾರು? ‘ಹೌದೋ ತಮ್ಮಾ’ ಅನ್ನುತ್ತಾರೆ. ಮೂರು ಮಾತಿಗೊಮ್ಮೆ ಪೇಡೆ ತರುತ್ತದೆ. ‘ಐತಿ’ ಅನ್ನುವವರ ಮನೆಯಲ್ಲಿ ‘ಅದ’ ಅನ್ನುವುದಿಲ್ಲ, ಅದು ಎರಡನ್ನೂ ಒಂದೇ ಸಾಲಿನಲ್ಲಿ ಕಲಸುತ್ತದೆ. ಸಿನಿಮಾದವರು ಉತ್ತರ ಕರ್ನಾಟಕದ ಪಾತ್ರ ಬರೆದ ಹಾಗೆ ಎಂದು ಒಬ್ಬ ವಿದ್ಯಾರ್ಥಿನಿ ಹೇಳಿದಳು. ಸಿನಿಮಾದವರು ಮನುಷ್ಯರೇ ಎಂಬುದನ್ನು ಮರೆಯಬಾರದು. ಅಂದರೆ ಭಾಷೆ ತಪ್ಪಿತು ಎಂಬಷ್ಟಕ್ಕೆ ವಿಚಾರ ಇಲ್ಲ ಎನ್ನಲು ಬರುವುದಿಲ್ಲ. ಮಂಗಳೂರಿನವರೊಬ್ಬರನ್ನು ಒಳಗೆ ಕೂರಿಸಿದ್ದೆವು, ಪಾಪ, ಎಲ್ಲರೂ ಅವರನ್ನೇ ಯಂತ್ರ ಎಂದರು.

ಬಾಯಿಪಾಠ ಮಾಡಿ ಒಪ್ಪಿಸಿದ್ರ ಅದು ತಿಳಿವಳಿಕೆ ಹೆಂಗ ಆಕ್ಕೈತಿ?

ಇದು ನಮಗೆ ಎಲ್ಲಕ್ಕಿಂತ ಇಷ್ಟದ ಪ್ರಶ್ನೆ. ಇದನ್ನು ಬಲವಾಗಿ ಮಂಡಿಸಿದವರು ಅಮೆರಿಕದ ತತ್ವಜ್ಞಾನಿ ಜಾನ್ ಸರ್ಲ್, 1980ರಲ್ಲಿ. ಚೀನೀ ಭಾಷೆಯ ಗಂಧವೂ ಇಲ್ಲದ ಒಬ್ಬನನ್ನು ಕೋಣೆಯಲ್ಲಿ ಕೂರಿಸಿ, ಕೈಗೆ ಒಂದು ನಿಯಮದ ಪುಸ್ತಕ ಕೊಟ್ಟಿದ್ದೀರಿ ಎಂದುಕೊಳ್ಳಿ. ಬಾಗಿಲ ಸಂದಿಯಿಂದ ಚೀನೀ ಅಕ್ಷರಗಳ ಚೀಟಿ ಬರುತ್ತದೆ. ಈ ಗೆರೆ ಬಂದರೆ ಆ ಗೆರೆ ಬರೆ ಎಂದು ಪುಸ್ತಕ ಹೇಳುತ್ತದೆ, ಅವನು ಬರೆದು ಹೊರಗೆ ಹಾಕುತ್ತಾನೆ. ಹೊರಗಿನವರಿಗೆ ಒಳಗಿರುವವ ಚೀನೀ ಪಂಡಿತ. ಒಳಗಿರುವವನಿಗೆ ಒಂದಕ್ಷರದ ಅರ್ಥ ಗೊತ್ತಿಲ್ಲ. ಕಂಪ್ಯೂಟರ್ ಮಾಡುವುದು ಇಷ್ಟೇ ಎನ್ನುತ್ತಾರೆ ಸರ್ಲ್. ಅವನೊಬ್ಬನಿಗೆ ತಿಳಿಯದಿದ್ದರೇನು, ಅವನೂ ಪುಸ್ತಕವೂ ಕೋಣೆಯೂ ಸೇರಿದ ಇಡೀ ಏರ್ಪಾಡಿಗೆ ತಿಳಿದಿದೆ ಎಂದು ಎದುರು ವಾದಿಸಿದವರೂ ಇದ್ದಾರೆ. ಜಗಳ ಇನ್ನೂ ಬಗೆಹರಿದಿಲ್ಲ.

ಟ್ಯೂರಿಂಗ್‌ಗೆ ಸರ್ಲ್ ಗೊತ್ತಿರಲಿಲ್ಲ, ಆದರೆ ಬಾಯಿಪಾಠದ ಆಕ್ಷೇಪ ಗೊತ್ತಿತ್ತು. ಯಂತ್ರ ತನಗನಿಸಿದ್ದರಿಂದ ಕವಿತೆ ಬರೆಯಬೇಕು, ಬರೆದದ್ದು ತಾನೆಂದು ಅದಕ್ಕೆ ಗೊತ್ತಿರಬೇಕು, ಅಲ್ಲಿಯವರೆಗೆ ಒಪ್ಪಲಾರೆ ಎಂದು ಜೆಫರ್ಸನ್ ಎಂಬ ಮಿದುಳು ಶಸ್ತ್ರವೈದ್ಯರು 1949ರ ಭಾಷಣದಲ್ಲಿ ಹೇಳಿದ್ದರು. ಟ್ಯೂರಿಂಗ್ ಅದಕ್ಕೆ ಕೊಟ್ಟ ಉತ್ತರ: ವೈವಾ ಮಾಡಿ. ಹುಡುಗನಿಗೆ ವಿಷಯ ಖರೇ ತಿಳಿದಿದೆಯೋ ಗಿಳಿಪಾಠವೋ ಎಂದು ನಾವು ನೋಡುವುದು ಬಾಯಿ ಪರೀಕ್ಷೆಯಲ್ಲಲ್ಲವೇ? ಕವಿತೆ ಬರೆದ ಯಂತ್ರವನ್ನು, ಈ ಸಾಲಿನಲ್ಲಿ ಈ ಪದವನ್ನೇ ಯಾಕೆ ಹಾಕಿದೆ, ಅದರ ಬದಲು ಇದನ್ನು ಹಾಕಿದರೆ ಏನಾಗುತ್ತಿತ್ತು ಎಂದು ಕೇಳುತ್ತ ಹೋಗಿ. ಸಮಾಧಾನವಾಗುವ ಹಾಗೆ ಉತ್ತರಿಸುತ್ತ ಬಂದರೆ, ಆಗಲೂ ಅದನ್ನು ಬರಿಯ ಯಾಂತ್ರಿಕ ಸದ್ದು ಎನ್ನುತ್ತೀರಾ?

ಮೂವತ್ತು ವರ್ಷ ವೈವಾ ತೆಗೆದುಕೊಂಡವರಾಗಿ ನಾವು ಒಂದು ಮಾತು ಸೇರಿಸಬೇಕು. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರಿಗೆ ನಾಲ್ಕೂವರೆಯ ಬಸ್ಸು ಹಿಡಿಯುವ ಅವಸರ ಇದ್ದರೆ ಗೈಡ್ ಉರು ಹೊಡೆದವರೂ ಪಾಸು. ಕೂತು, ಒಂದು ಉತ್ತರದ ಬಾಲ ಹಿಡಿದು ಮುಂದಿನದನ್ನು ಕೇಳುವವರು ಬಂದರೆ ಹತ್ತು ನಿಮಿಷದಲ್ಲಿ ಬಣ್ಣ ಬಯಲು. ಟ್ಯೂರಿಂಗ್ ಪರೀಕ್ಷೆ ವೈವಾ ಆದ್ದರಿಂದ ವೈವಾದ ರೋಗಗಳೆಲ್ಲ ಅದಕ್ಕಿವೆ. ಯಂತ್ರ ಪಾಸಾಯಿತು ಎಂದು ಓದಿದಾಗ ನಾವು ಮೊದಲು ಕೇಳುವುದು, ಕೇಳಿದವರು ಯಾರು, ಏನೇನು ಕೇಳಿದರು ಎಂದು. 2025ರ ಅಧ್ಯಯನದಲ್ಲಿ ಕೇಳಿದವರಲ್ಲಿ ಹೆಚ್ಚಿನವರು ಮಾಡಿದ್ದು ಇವತ್ತು ಏನು ಮಾಡಿದಿ, ಏನು ಇಷ್ಟ ಎಂಬಂಥ ಹರಟೆ.

ನಾನು ಮನುಷ್ಯನ ಪಾತ್ರಕ್ಕ ಕೂತಿದ್ದೆ, ನನ್ನನ್ನ ಮಷೀನ್ ಅಂದ್ರಲ್ರಿ?

ಬೇಜಾರು ಮಾಡಿಕೊಳ್ಳಬೇಡಿ. 1991ರಲ್ಲಿ ಬಾಸ್ಟನ್ನಿನಲ್ಲಿ ಇದೇ ಆಟದ್ದೊಂದು ಸ್ಪರ್ಧೆ, ಲೋಬ್ನರ್ ಸ್ಪರ್ಧೆ, ಮೊದಲ ಸಲ ನಡೆದಾಗ ಶೇಕ್ಸ್‌ಪಿಯರ್ ಬಗ್ಗೆ ಮಾತಾಡಲು ಒಬ್ಬ ಮಹಿಳೆ ಕೂತಿದ್ದರು. ಕೆಲವು ತೀರ್ಪುಗಾರರು ಅವರನ್ನೇ ಕಂಪ್ಯೂಟರ್ ಎಂದರು. ಕಾರಣ, ಮನುಷ್ಯರಿಗೆ ಶೇಕ್ಸ್‌ಪಿಯರ್ ಅಷ್ಟೊಂದು ಗೊತ್ತಿರಲು ಸಾಧ್ಯವಿಲ್ಲ! ನಮ್ಮಲ್ಲಿ ಕನ್ನಡ ಎಂ.ಎ. ಮಾಡಿದವರಿಗೆ ಈ ಗತಿ ಬರುತ್ತದೆ. ಕಾಗುಣಿತ ತಪ್ಪಿಲ್ಲದೆ, ಪೂರ್ಣವಿರಾಮ ಹಾಕಿ ಬರೆದರೆ ಮುಗಿಯಿತು.

ಆತ್ಮ ಇಲ್ಲದ್ದು ಹೆಂಗ ವಿಚಾರ ಮಾಡತೈತ್ರಿ?

ಹಿರಿಯರು ಹೆಚ್ಚಿಗೆ ಕೇಳುತ್ತಾರೆ. ಟ್ಯೂರಿಂಗ್ ಎದುರಿಸಿದ ಒಂಬತ್ತು ಆಕ್ಷೇಪಗಳಲ್ಲಿ ಇದೇ ಮೊದಲನೆಯದು. ದೇವರು ಮನಸ್ಸು ಮಾಡಿದರೆ ಆನೆಗೆ ಆತ್ಮ ಕೊಡಲು ಅವನಿಗೆ ಸ್ವಾತಂತ್ರ್ಯ ಇಲ್ಲವೇ, ಯಂತ್ರಕ್ಕೆ ಕೊಡಬಾರದು ಎಂದು ದೇವರಿಗೆ ಅಪ್ಪಣೆ ಮಾಡಲು ನಾವು ಯಾರು, ಎಂಬುದು ಅವನ ಉತ್ತರದ ತಾತ್ಪರ್ಯ. ಸ್ವತಃ ಆಸ್ತಿಕನಲ್ಲದವನು ಆಸ್ತಿಕರಿಗೆ ಅವರದೇ ಮಾತಿನಲ್ಲಿ ಹೇಳಿದ್ದು. ಸಿದ್ಧಾರೂಢ ಮಠದ ಪ್ರವಚನ ಕೇಳಿ ಬೆಳೆದ ಅಮ್ಮನವರೊಬ್ಬರು ಇದನ್ನು ಕೇಳಿ, ‘ಹಂಗಾದ್ರ ನನಗ ಅಡ್ಡಿ ಇಲ್ಲ, ಆದ್ರ ಅದಕ್ಕ ಪುಣ್ಯ-ಪಾಪ ಹತ್ತತಾವೇನು?’ ಎಂದರು. ಟ್ಯೂರಿಂಗ್‌ನ ಪಟ್ಟಿಯಲ್ಲಿ ಈ ಪ್ರಶ್ನೆ ಇಲ್ಲ.

ಚೆಸ್‌ನಾಗ ಮನುಷ್ಯನ್ನ ಸೋಲಿಸೈತಲ್ಲ, ಅದು ಸಾಲದೇನು?

1997ರ ಮೇ ತಿಂಗಳಲ್ಲಿ ಐಬಿಎಂನ ಡೀಪ್ ಬ್ಲೂ ಚೆಸ್ ಚಾಂಪಿಯನ್ ಕ್ಯಾಸ್ಪರೋವ್‌ನನ್ನು ಸೋಲಿಸಿತು, 2016ರಲ್ಲಿ ಆಲ್ಫಾಗೋ ‘ಗೋ’ ಎಂಬ ಕಪ್ಪು-ಬಿಳಿ ಕಾಯಿಗಳ ಆಟದಲ್ಲಿ ಲೀ ಸೆಡಾಲ್‌ನನ್ನು 4-1ರಿಂದ. ಎರಡಕ್ಕೂ ತಮ್ಮ ಆಟ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅದಕ್ಕೇ ಅದು ಸಾಲದು.

ಇದಕ್ಕಿಂತ ಚಲೋ ಪರೀಕ್ಷೆ ಇಲ್ಲೇನು?

ಇವೆ, ಬರುತ್ತಲೂ ಇವೆ. ಒಂದನ್ನು ನಮ್ಮ ಕಡೆಗೆ ಹೊಂದಿಸಿಕೊಂಡು ಆಡಿಸುತ್ತೇವೆ. ‘ಜ್ವಾಳದ ಚೀಲ ಕಾರಿನ ಡಿಕ್ಕ್ಯಾಗ ಹಿಡೀಲಿಲ್ಲ, ಯಾಕಂದ್ರ ಅದು ಭಾಳ ದೊಡ್ಡದಿತ್ತು.’ ಯಾವುದು ದೊಡ್ಡದಿತ್ತು? ಚೀಲ. ಈಗ ‘ದೊಡ್ಡದಿತ್ತು’ ತೆಗೆದು ‘ಸಣ್ಣದಿತ್ತು’ ಎಂದು ಹಾಕಿ. ಯಾವುದು ಸಣ್ಣದಿತ್ತು? ಡಿಕ್ಕಿ. ವ್ಯಾಕರಣ ಒಂದೇ, ಬದಲಾದದ್ದು ಒಂದು ಮಾತು. ಉತ್ತರ ಹೇಳಲು ಚೀಲ, ಡಿಕ್ಕಿ, ತುಂಬುವುದು ಎಂದರೇನೆಂದು ತಿಳಿದಿರಬೇಕು. ಕೆನಡಾದ ಹೆಕ್ಟರ್ ಲೆವೆಸ್ಕ್ 2011ರಲ್ಲಿ ಟ್ಯೂರಿಂಗ್ ಆಟದ ಬದಲು ಇಂಥ ವಾಕ್ಯಗಳನ್ನು ಸೂಚಿಸಿದರು, ವಿನೊಗ್ರಾಡ್ ಸವಾಲು ಎಂದು ಹೆಸರು. ಮೋಸಕ್ಕೆ, ವೇಷಕ್ಕೆ ಇಲ್ಲಿ ಜಾಗವಿಲ್ಲ. 2016ರ ಸ್ಪರ್ಧೆಯಲ್ಲಿ ಮೊದಲು ಬಂದ ಯಂತ್ರಕ್ಕೂ ಸುಮಾರು ನೂರಕ್ಕೆ 58. ಮೂರೇ ವರ್ಷದಲ್ಲಿ ಯಂತ್ರಗಳು 90 ದಾಟಿದವು. ಆಗ ಏನಾಯಿತು ಗೊತ್ತೇ? ಪರೀಕ್ಷೆಯೇ ಸರಿ ಇರಲಿಲ್ಲ ಎಂದರು. ಯಂತ್ರ ಪಾಸಾದ ಕೂಡಲೇ ಪೇಪರ್ ಸುಲಭ ಇತ್ತು ಎನ್ನುವುದು ಈ ಕ್ಷೇತ್ರದ ಹಳೇ ರೂಢಿ, ಕೆಲವು ಸಲ ಅದು ಖರೆಯೂ ಹೌದು.

ಫ್ರಾನ್ಸ್ವಾ ಶೋಲೆ 2019ರಲ್ಲಿ ಮಾಡಿದ ಆರ್ಕ್ ಎಂಬ ಬಣ್ಣದ ಚೌಕಗಳ ಒಗಟು ಇನ್ನೊಂದು. ಎರಡು ಮೂರು ಮಾದರಿ ನೋಡಿ ನಿಯಮ ಕಂಡುಹಿಡಿದು ಮುಂದಿನ ಚಿತ್ರ ತುಂಬಬೇಕು. ಭಾಷೆಯೇ ಬೇಡವಾದ್ದರಿಂದ ನಮ್ಮ ಸಾಲಿ ಹುಡುಗರಿಗೆ ಇದು ಬಹಳ ಹಿಡಿಸುತ್ತದೆ.

‘ನಾನು ರೋಬಾಟ್ ಅಲ್ಲ’ ಅಂತ ಟಿಕ್ ಮಾಡಸ್ತಾರಲ್ಲ, ಅದೂ ಇದೇ ಏನು?

ಅದೇ, ತಿರುವುಮುರುವು. ಅಲ್ಲಿ ಪರೀಕ್ಷಕ ಯಂತ್ರ, ಪರೀಕ್ಷೆಗೆ ಕೂತವರು ನೀವು. ಇಂಥ ಪರೀಕ್ಷೆಗೆ ಇಟ್ಟ ಕ್ಯಾಪ್ಚಾ ಎಂಬ ಹೆಸರಿನಲ್ಲೇ ಟ್ಯೂರಿಂಗ್‌ನ ಹೆಸರು ಅಡಗಿದೆ, ಅದನ್ನಿಟ್ಟವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು. ಟ್ರಾಫಿಕ್ ಸಿಗ್ನಲ್ ಇರುವ ಚೌಕ ಆರಿಸಿ ಎಂದಾಗ ಕಂಬವನ್ನೂ ಆರಿಸಬೇಕೇ ಎಂದು ಕೇಳಬೇಡಿ, ನಮಗೂ ಪ್ರತಿ ಸಲ ಅದೇ ಗೊಂದಲ.

ಫೋನಿನಾಗ ಮಗನ ದನೀಲೆ ರೊಕ್ಕ ಕೇಳತಾರಂತ. ಇದು ಅಲ್ಲಿ ಉಪಯೋಗಕ್ಕ ಬರತೈತೇನು?

ದನಿ ನಕಲು ಮಾಡುವುದು ಈಗ ಸುಲಭ, ಆದ್ದರಿಂದ ದನಿಯನ್ನು ನಂಬಿ ಹಣ ಕಳಿಸಬೇಡಿ. ಫೋನ್ ಇಟ್ಟು, ನಿಮ್ಮಲ್ಲಿರುವ ನಂಬರಿಗೆ ನೀವೇ ಹೊಳ್ಳಿ ಹಚ್ಚಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಐದು ನಿಮಿಷ ಪ್ರಶ್ನೆ ಕೇಳಿ ಪತ್ತೆ ಹಚ್ಚುತ್ತೇನೆ ಎಂಬ ಧೈರ್ಯ ಅಲ್ಲಿ ಬೇಡ.

ಎಲ್ಲಾ ಬಿಡ್ರಿ, ನಿಮಗ ಏನ್ ಅನಸತೈತಿ? ಖರೇನ ವಿಚಾರ ಮಾಡತೈತೋ, ಇಲ್ಲೋ?

ಆಡಿಸುವ ಮಾಸ್ತರರಲ್ಲೇ ಎರಡು ಪಂಗಡ ಇದೆ. ಇದನ್ನು ಬರೆಯುತ್ತಿರುವವನ ಮತ ಕೇಳಿದರೆ: ಈ ಆಟ ಗೆದ್ದದ್ದು ವಿಚಾರಕ್ಕೆ ಸಾಕ್ಷಿಯಲ್ಲ, ಸೋತದ್ದು ದಡ್ಡತನಕ್ಕೆ ಸಾಕ್ಷಿಯಲ್ಲ. ಸಂಗೀತದ ಬಗ್ಗೆ ಗಂಟೆಗಟ್ಟಲೆ ತರ್ಕಬದ್ಧವಾಗಿ ಮಾತಾಡಿ, ಮಳೆಯ ಪ್ರಶ್ನೆಗೆ ಬಿದ್ದುಹೋಗುವ ಯಂತ್ರಕ್ಕೆ ವಿಚಾರ ಇದೆ ಅನ್ನಲೋ ಇಲ್ಲ ಅನ್ನಲೋ? ಕೆಲವು ಕೆಲಸಗಳಲ್ಲಿ ಅದು ಮಾಡುವುದನ್ನು ವಿಚಾರ ಎನ್ನದೆ ಬೇರೆ ಹೆಸರಿಟ್ಟರೆ ಹಟವಾಗುತ್ತದೆ. ಅದಕ್ಕೆ ಏನಾದರೂ ಅನ್ನಿಸುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಈ ಆಟದಲ್ಲಿ ಉತ್ತರ ಇಲ್ಲ. ಪಕ್ಕದ ಮನೆಯವರಿಗೆ ಅನ್ನಿಸುತ್ತದೆ ಎಂದು ಕೂಡ ನಾವು ಪರೀಕ್ಷೆ ಮಾಡಿ ನಂಬಿದ್ದಲ್ಲ.

ನಾವು ಟೈಪ್ ಮಾಡಿದ್ದು ಎಲ್ಲಿಗೆ ಹೋಗತೈತಿ? ಹುಡುಗೂರನ್ನ ಕರಕೊಂಡು ಬರಬಹುದೇನು?

ಯಂತ್ರದ ಕಿಟಕಿಯಲ್ಲಿ ಬರೆದದ್ದು ಇಂಟರ್‌ನೆಟ್ ಮೂಲಕ ಆ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಯಾವ ಕಿಟಕಿ ಯಂತ್ರದ್ದು ಎಂದು ನಿಮಗೆ ಗೊತ್ತಿಲ್ಲದ್ದರಿಂದ ಎರಡರಲ್ಲೂ ಮನೆಯ ವಿಳಾಸ, ಆಧಾರ್, ಬ್ಯಾಂಕಿನ ವಿವರ, ಯಾರದೇ ಕಾಯಿಲೆಯ ಸಂಗತಿ ಬರೆಯಬೇಡಿ. ಕೇಳುವವರ ಹೆಸರು ನಾವು ಬರೆದಿಟ್ಟುಕೊಳ್ಳುವುದಿಲ್ಲ. ಕಾರಣ ಬರೆದ ಚೀಟಿಗಳನ್ನು ಮಾತ್ರ ಇಟ್ಟುಕೊಳ್ಳುತ್ತೇವೆ.

ಹುಡುಗರನ್ನು ಧಾರಾಳವಾಗಿ ಕರೆತನ್ನಿ, ಐದನೇ ಇಯತ್ತೆಯಿಂದ ಮೇಲಿನವರಾದರೆ ಒಳ್ಳೆಯದು, ಕನ್ನಡ ಟೈಪ್ ಬರದಿದ್ದರೆ ಬರೆದುಕೊಡಲು ನಾವಿದ್ದೇವೆ. ಮನುಷ್ಯನ ಪಾತ್ರಕ್ಕೆ ಕೂರಲು ಯಾವಾಗಲೂ ಮಂದಿ ಕಮ್ಮಿ ಬೀಳುತ್ತಾರೆ, ಎಲ್ಲರಿಗೂ ಪರೀಕ್ಷಕರಾಗುವ ಆಸೆ. ಒಳಗೆ ಕೂರಲು ತಯಾರಿದ್ದರೆ ಅರ್ಧ ತಾಸು ಮೊದಲು ಬನ್ನಿ.